ಗುಡ್ಡ ಜರಿದ ಮೇಲೂ ಅಲ್ಲಿಗೇ ಯಾಕೆ ಹೋಗ್ತೀರಿ?

ನಮ್ಮದು ಮಡಿಕೇರಿ ಹತ್ತಿರದ ಮಕ್ಕಂದೂರು ಕಡೆ ಎಂದ ಕೂಡಲೇ ಜನರಿಗೆ 2018ರ ಆಗಸ್ಟ್ ನೆನಪಾಗುತ್ತದೆ. ಗುಡ್ಡ ಜರಿದು ನಮ್ಮ ಮನೆ, ಅರ್ಧ ಕಾಫಿ ತೋಟ ಹೋದದ್ದು ಆಗಲೇ. ಆಮೇಲೆ ಪ್ರಶ್ನೆ ಬರುತ್ತದೆ: "ಅಷ್ಟು ನೋವು ಕೊಟ್ಟ ಜಾಗ. ಮಾರಿಬಿಡಬಾರದಾ? ಇನ್ನೂ ಯಾಕೆ ಹೋಗ್ತೀರಿ?"

ನೋವು ಕೊಟ್ಟದ್ದು ಜಾಗ ಅಂತ ನನಗೆ ಅನ್ನಿಸಿಯೇ ಇಲ್ಲ. ಆ ವರ್ಷ ಜೂನ್‌ನಿಂದಲೇ ಮಳೆ ಜೋರು. ಮಣ್ಣು ನೀರು ಕುಡಿದು ಕುಡಿದು ಸಾಕಾಗಿತ್ತು. ಆಗಸ್ಟ್ ಮಧ್ಯದಲ್ಲಿ ಮತ್ತೆ ಬಿಡದೆ ಸುರಿಯಿತು. ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದಿದ್ದ ಕಡೆ ಬರೆ, ಅಂದರೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ನಿಲ್ಲಲಿಲ್ಲ. ಬುಡ ಕಡಿದವರು ಮನುಷ್ಯರು. ಬೆಟ್ಟದ ಮೇಲೆ ಸಿಟ್ಟಾಗುವುದು ಯಾವ ನ್ಯಾಯ?

ಇನ್ನು ಪ್ರೀತಿ. ಅದು ಹುಟ್ಟಿದ್ದು ಕೆಲಸದಿಂದ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಕಾಯುತ್ತಿದ್ದೆವು. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ, ತೋಟದ ತುಂಬ ಮಲ್ಲಿಗೆಯಂಥ ವಾಸನೆ. ಆಮೇಲೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಯಾವ ಮೂಲೆಯ ಅರೇಬಿಕಾ ಕಾಫಿ ಮೊದಲು ಹಣ್ಣಾಗುತ್ತದೆ, ಮಳೆಗಾಲಕ್ಕೆ ಮುಂಚೆ ಯಾವ ಚರಂಡಿ ಬಿಡಿಸಬೇಕು, ಎಲ್ಲ ಅತ್ತೆ ಕಲಿಸಿದ್ದು. ಆಟಿ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪು ಅನ್ನುವ ಔಷಧಿ ಗಿಡ ಎಲ್ಲಿ ಸಿಗುತ್ತದೆ ಅಂತ ತೋರಿಸಿದ್ದೂ ಅವರೇ. ಆ ವರ್ಷವೂ ಅದರ ನೇರಳೆ ಬಣ್ಣದ ಪಾಯಸ ಮಾಡಿ ಉಂಡಿದ್ದೆವು. ಎರಡು ವಾರ ಕಳೆಯುವಷ್ಟರಲ್ಲಿ ಪರಿಹಾರ ಕೇಂದ್ರದಲ್ಲಿ ಚಾಪೆ ಹಾಸಿ ಮಲಗಿದ್ದೆವು.

ಅತ್ತೆ ಈಗಿಲ್ಲ. ನಮಗೆ ಸಿಕ್ಕ ಹೊಸ ಮನೆ ಗಟ್ಟಿಯಾಗಿದೆ, ಕಟ್ಟಿಕೊಟ್ಟವರ ಋಣ ದೊಡ್ಡದು. ಆದರೆ ಅತ್ತೆ ಹೇಳಿಕೊಟ್ಟದ್ದರಲ್ಲಿ ಒಂದೂ ಅಲ್ಲಿ ಬೇಕಾಗುವುದಿಲ್ಲ. ತೋಟಕ್ಕೆ ಹೋದರೆ ಕೈ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಅವರ ಜೊತೆ ಇದ್ದ ಹಾಗೇ ಆಗುತ್ತದೆ ನನಗೆ.

ಭಯ ಹೋಗಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿ ಹತ್ತಿರ ಬ್ರಹ್ಮಗಿರಿ ಬೆಟ್ಟ ಕುಸಿದಾಗ ರಾತ್ರಿಯೆಲ್ಲ ನಿದ್ದೆ ಇಲ್ಲ. ಮಳೆಗಾಲದಲ್ಲಿ ನಾವು ಅಲ್ಲಿ ರಾತ್ರಿ ಉಳಿಯುವುದಿಲ್ಲ. ಪ್ರೀತಿ ಇದೆ ಅಂತ ಮಕ್ಕಳನ್ನು ಅಪಾಯಕ್ಕೆ ಒಡ್ಡಲು ಆಗುತ್ತದಾ? ಜರಿದ ಭಾಗದಲ್ಲಿ ಮತ್ತೆ ಕಾಫಿ ಹಾಕಿಲ್ಲ. ಬೇರು ಮಣ್ಣು ಹಿಡಿಯಲಿ ಅಂತ ಲಾವಂಚ, ಬಿದಿರು ನೆಟ್ಟಿದ್ದೇವೆ. ಉಳಿದ ಅರ್ಧದಲ್ಲಿ ಡಿಸೆಂಬರ್‌ಗೆ ಕೊಯ್ಲಿರುತ್ತದೆ. ಮಾರುವ ಯೋಚನೆ ಇಲ್ಲ.