ಮತ್ತೆ ಪಾಸಿಟಿವ್ ಬಂದ ಉಸಿರಿನ ಪರೀಕ್ಷೆ

ನವೆಂಬರ್ 19, 2024, ಮಂಗಳವಾರ

ಹೊಟ್ಟೆಯಲ್ಲಿ ನೆಲೆಸಿ ಹುಣ್ಣು ಮಾಡಬಲ್ಲ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಬೇರೆಡೆ 14 ದಿನ ಚಿಕಿತ್ಸೆ ಪಡೆದಿದ್ದ ಆ ತಾಯಿ ಇಂದು ಬಂದಿದ್ದರು. ಸೋಂಕು ಇನ್ನೂ ಇದೆ ಎಂದು ತೋರಿಸಿದ ಉಸಿರಿನ ಪರೀಕ್ಷೆಯ ವರದಿಯನ್ನು ಮೇಜಿನ ಮೇಲಿಟ್ಟು, "ಬಾಯೆಲ್ಲ ಕಹಿಯಾದರೂ ಒಂದು ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೇ, ಅದನ್ನೇ ಇನ್ನಷ್ಟು ಜಾಸ್ತಿ ಕೊಡಿ" ಎಂದರು. ತಾವೇ ಏನೋ ತಪ್ಪು ಮಾಡಿದಂತೆ ಅವರು ಮಾತನಾಡಿದ್ದು ರಾತ್ರಿಯಾದರೂ ಮನಸ್ಸಿನಿಂದ ಹೋಗುತ್ತಿಲ್ಲ.

ಅವರಿಗೆ ಕೊಟ್ಟಿದ್ದು ಆಮ್ಲ ತಗ್ಗಿಸುವ ಗುಳಿಗೆಯ ಜೊತೆ ಅಮಾಕ್ಸಿಸಿಲಿನ್ ಮತ್ತು ಕ್ಲಾರಿಥ್ರೋಮೈಸಿನ್ ಎಂಬ ಎರಡು ಆ್ಯಂಟಿಬಯೋಟಿಕ್. ವಿಚಾರಿಸಿದಾಗ, ಕೆಮ್ಮು ಬಂದಾಗಲೆಲ್ಲ ಅಜಿಥ್ರೋಮೈಸಿನ್ ನುಂಗುತ್ತಿದ್ದುದು ತಿಳಿಯಿತು. ಅದೂ ಕ್ಲಾರಿಥ್ರೋಮೈಸಿನ್ ಗುಂಪಿನದೇ ಔಷಧಿಯಾದ್ದರಿಂದ, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಅದಕ್ಕೆ ಮೊದಲೇ ಒಗ್ಗಿಕೊಂಡಿರುವ ಸಾಧ್ಯತೆ ಹೆಚ್ಚು. ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ (ಅದು ಪ್ರೋಟೀನ್ ತಯಾರಿಸುವ ಯಂತ್ರ) ಔಷಧಿ ಅಂಟಿಕೊಳ್ಳುವ ಜಾಗದ ಆನುವಂಶಿಕ ಸಂಕೇತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಕ್ಲಾರಿಥ್ರೋಮೈಸಿನ್‌ಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಪ್ರಮಾಣವನ್ನು ಎಷ್ಟು ಏರಿಸಿದರೂ ಫಲವಿಲ್ಲ. ಮೆಟ್ರೋನಿಡಜೋಲ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ನ ಕಥೆ ಬೇರೆ: ಅದಕ್ಕೆ ಪ್ರತಿರೋಧವಿದ್ದರೂ, ಬಿಸ್ಮತ್ ಎಂಬ ಲೋಹದ ಲವಣದ ಔಷಧಿಯ ಜೊತೆಗೆ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟರೆ ಬಹಳಷ್ಟು ಮಟ್ಟಿಗೆ ಗೆಲ್ಲಬಹುದು. ಪ್ರತಿರೋಧವೆಂದರೆ ಎಲ್ಲ ಔಷಧಿಗೂ ಒಂದೇ ಎಂದು ಭಾವಿಸಿ, ಸೋತ ಚಿಕಿತ್ಸೆಯನ್ನೇ ಮತ್ತೆ ಬರೆಯುವುದು ರೋಗಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಹೀಗಾಗಿ ನಾಲ್ಕರ ಜೋಡಣೆಯನ್ನೇ ಆರಿಸಿದೆ: ಆಮ್ಲ ತಗ್ಗಿಸುವ ಗುಳಿಗೆ, ಬಿಸ್ಮತ್, ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್, ಮೆಟ್ರೋನಿಡಜೋಲ್, 14 ದಿನ. ಅಮೆರಿಕದ ಈ ವರ್ಷದ ಮಾರ್ಗಸೂಚಿಯೂ ಮೊದಲ ಚಿಕಿತ್ಸೆಯಾಗಿಯೇ ಇದನ್ನು ಮುಂದಿಟ್ಟಿದೆ. ಆಮ್ಲವನ್ನು ಬಲವಾಗಿ ತಗ್ಗಿಸುವ ವೊನೊಪ್ರಜಾನ್ ಮತ್ತು ಅಮಾಕ್ಸಿಸಿಲಿನ್ ಎಂಬ ಎರಡರ ಜೋಡಿಯೂ ಮನಸ್ಸಿಗೆ ಬಂತು, ಏಕೆಂದರೆ ಆಮ್ಲ ಚೆನ್ನಾಗಿ ತಗ್ಗಿದಾಗ ಬ್ಯಾಕ್ಟೀರಿಯಾ ವಿಭಜನೆಗೆ ತೊಡಗುತ್ತದೆ, ಅಮಾಕ್ಸಿಸಿಲಿನ್ ಕೊಲ್ಲುವುದು ವಿಭಜಿಸುತ್ತಿರುವವನ್ನೇ. ಆದರೂ ಒಮ್ಮೆ ಚಿಕಿತ್ಸೆ ಸೋತವರಲ್ಲಿ ನನಗೆ ಬಿಸ್ಮತ್ ಮೇಲೆಯೇ ಹೆಚ್ಚು ಭರವಸೆ.

ದಿನಕ್ಕೆ ನಾಲ್ಕು ಹೊತ್ತು ಇಷ್ಟೊಂದು ಗುಳಿಗೆ ನುಂಗುವುದು ಸುಲಭವಲ್ಲ. ಮಲ ಕಪ್ಪಾದರೆ ಅದು ಬಿಸ್ಮತ್‌ನಿಂದ, ಹೆದರಬೇಡಿ, ಆದರೆ ತಲೆಸುತ್ತು ಬಂದರೆ ಕೂಡಲೇ ಬನ್ನಿ ಎಂದೆ. ಮುಗಿದ ಮೇಲೆ ಕನಿಷ್ಠ 4 ವಾರ ಕಾದು, ಕೊನೆಯ 2 ವಾರ ಆಮ್ಲದ ಗುಳಿಗೆಯನ್ನೂ ನಿಲ್ಲಿಸಿ, ಮತ್ತೆ ಉಸಿರಿನ ಪರೀಕ್ಷೆ.

ಹೊರಡುವಾಗ, ತಮ್ಮ ಅಣ್ಣನಿಗೂ ಹೊಟ್ಟೆಯಲ್ಲಿ ಹುಣ್ಣಿದೆ ಎಂದರು. ಈ ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲೇ, ಮನೆಯೊಳಗೇ ಹರಡುವಂಥದ್ದು. ಅವರನ್ನೂ ಕರೆತರಲು ಹೇಳಿದ್ದೇನೆ. ಆದರೆ ಅವರು ಈವರೆಗೆ ಯಾವ ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಾರೆಂಬುದರ ಹಳೆಯ ಚೀಟಿಗಳೂ ಇಲ್ಲವಂತೆ, ಹಾಗಿರುವಾಗ ಅವರಿಗೆ ಯಾವ ಜೋಡಣೆಯಿಂದ ಆರಂಭಿಸುವುದು...