ಬಂಗಲೆಯಲ್ಲಿ ಏಳು ತಟ್ಟೆ

ಚಿಕ್ಕಮಗಳೂರು, 19 ಜುಲೈ 2025, ಶನಿವಾರ, ರಾತ್ರಿ 11.40

ಮಳೆ ಇನ್ನೂ ಬಿಟ್ಟಿಲ್ಲ. ಈಗಷ್ಟೇ ಮನೆಗೆ ಬಂದೆವು. ಅಪ್ಪನಿಗೆ ಎಪ್ಪತ್ತು ತುಂಬಿತು ಅಂತ ಊರಾಚೆಯ ಹಳೇ ತೋಟದ ಬಂಗಲೆಯೊಂದರಲ್ಲಿ ಟೇಸ್ಟಿಂಗ್ ಮೆನು ಊಟ ಬುಕ್ ಮಾಡಿದ್ದೆ. ಏಳು ಕೋರ್ಸ್, ತಲೆಗೆ ಮೂರು ಸಾವಿರ. ರೇಟು ಅಪ್ಪನಿಗೆ ಹೇಳಿರಲಿಲ್ಲ.

"ಏನೇನು ಸಿಗುತ್ತೆ ಅಲ್ಲಿ?" ಎಂದು ಕಾರಿನಲ್ಲಿ ಕೇಳಿದರು. ನಾವು ಕೇಳುವ ಹಾಗಿಲ್ಲ, ಅವರು ಕೊಟ್ಟಿದ್ದನ್ನು ತಿನ್ನಬೇಕು ಎಂದೆ. "ಮದುವೆ ಮನೆ ಪಂಕ್ತಿ ಥರ ಅನ್ನು." ಒಂದು ಲೆಕ್ಕಕ್ಕೆ ಸರಿಯೇ. ಬಾಳೆಲೆ ಮುಂದೆ ಕೂತಾಗಲೂ ಕೋಸಂಬರಿ ಯಾವಾಗ, ಪಾಯಸ ಯಾವಾಗ ಅನ್ನೋದು ಬಡಿಸುವವರ ಕೈಯಲ್ಲೇ ಇರುತ್ತೆ. ಆದರೆ ಅಲ್ಲಿ ಎರಡನೇ ಸಲ ವಿಚಾರಿಸುತ್ತಾರೆ. ಇಲ್ಲಿ ಅದಿಲ್ಲ.

ಮೊದಲು ಕಾಸಿನಗಲದ ಅಕ್ಕಿ ರೊಟ್ಟಿ, ಮೇಲೊಂದು ಚುಕ್ಕಿ ಸೂಜಿಮೆಣಸಿನ ಚಟ್ನಿ. ಆಮೇಲೆ ಮರಗೆಸುವಿನ ಪತ್ರೊಡೆ, ಒಂದೇ ಹೋಳು. ಇದು ನಿಜಕ್ಕೂ ಚೆನ್ನಾಗಿತ್ತು. ಹುಳಿ ಸರಿಯಾಗಿ ಬಿದ್ದಿತ್ತು, ಗಂಟಲು ಕೆರೆಯಲಿಲ್ಲ. ಮನೆಯಲ್ಲಿ ಐದಾರು ಹೋಳು ಗಬಗಬ ತಿನ್ನುವವಳು ಇಲ್ಲಿ ಒಂದನ್ನೇ ನಾಲ್ಕು ಸಲ ಕಚ್ಚಿದೆ. ಎಲೆಯ ರುಚಿ ಬೇರೆ, ಹಿಟ್ಟಿನ ರುಚಿ ಬೇರೆ ಅಂತ ಗೊತ್ತಾಗಿದ್ದೇ ಇವತ್ತು.

ಕಳಲೆಯದ್ದೇ ಎಡವಟ್ಟು. ಬಿದಿರಿನ ಎಳೆ ಮೊಳಕೆಯನ್ನು ತೆಳ್ಳಗೆ ಹೆಚ್ಚಿ ಕಾಯಿಹಾಲಿನಲ್ಲಿ ತಂದರು. ಕಹಿ! ಕಳಲೆಯನ್ನು ಎರಡು ಮೂರು ದಿನ ನೆನೆಹಾಕಿ ದಿನಾ ನೀರು ಬದಲಿಸೋದು ಸುಮ್ನೆ ಅಲ್ಲ. ಹಸಿಯದರಲ್ಲಿ ಸಯನೈಡ್ ಉಂಟುಮಾಡುವ ಅಂಶ ಇರುತ್ತೆ, ಅದೂ ಹೋಗಬೇಕು. ಅಪ್ಪ ಒಂದು ಚೂರು ಬಾಯಿಗಿಟ್ಟು, "ಒಂದು ದಿನವೂ ನೆನೆಸಿಲ್ಲ" ಎಂದು ತಟ್ಟೆ ಸರಿಸಿದರು. ನಾನೂ ಬಿಟ್ಟೆ.

ನಡುವಿನದ್ದು ಹೇಳಿಕೊಳ್ಳುವಂಥದ್ದಲ್ಲ. ಕೋಳಿ ಇತ್ತು, ಯಾವುದರ ಮೇಲೋ ನೊರೆ ಇತ್ತು. ಒಂದು ತಟ್ಟೆ ಹೋಗಿ ಇನ್ನೊಂದು ಬರೋಕೆ ಇಪ್ಪತ್ತು ನಿಮಿಷ. ಅಪ್ಪ ಅಷ್ಟು ಹೊತ್ತೂ ಮೇಲಿನ ತೊಲೆ, ಗೋಡೆ ನೋಡುತ್ತಾ ಕೂತಿದ್ದರು. ಮೂವತ್ತೆರಡು ವರ್ಷ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಶನಿವಾರ ಬಟವಾಡೆಗೆ ಆಳುಗಳ ಹಾಜರಿಯ ಚೆಕ್‌ರೋಲ್ ಹಿಡಿದು ಬಂಗಲೆಗೆ ಹೋದರೂ ವರಾಂಡ ದಾಟಿದ್ದಿಲ್ಲ. ಕಾಫಿ ಅಲ್ಲಿಗೇ ಬರುತ್ತಿತ್ತು. "ಊಟದ ಮನೆ ಇಷ್ಟು ದೊಡ್ಡದಿರುತ್ತಾ ಮಾರಾಯ್ತಿ!" ಎಂದರು.

ಕೊನೆಗೆ ಗಾಜಿನ ಲೋಟದಲ್ಲಿ ಕೆಂಪನೆಯ ಕಷಾಯ. "ಕಾಸ್ಕಾರಾ ಸರ್. ಒಣಗಿಸಿದ ಕಾಫಿ ಹಣ್ಣಿನ ಸಿಪ್ಪೆ" ಎಂದ ಹುಡುಗ.

"ಪಲ್ಪರ್‌ನಿಂದ ಬೀಳುತ್ತಲ್ಲ, ಅದಾ?" ಎಂದರು ಅಪ್ಪ, ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್ ನೆನೆದು.

"ಹೌದು ಸರ್."

ಅರೇಬಿಕಾ ಕೊಯ್ಲು ಶುರುವಾದರೆ, ನವೆಂಬರ್‌ನಿಂದ ಜನವರಿವರೆಗೆ, ಈ ಸಿಪ್ಪೆ ರಾಶಿ ರಾಶಿ ಗೊಬ್ಬರದ ಗುಂಡಿಗೆ ಹೋಗುತ್ತೆ. ಕೊಳೆತ ವಾಸನೆ ನಮ್ಮ ಮನೆವರೆಗೂ ಬರುತ್ತಿತ್ತು. ಯೆಮನ್‌ನಲ್ಲಿ ಇದನ್ನೇ ಕಿಶರ್ ಅಂತ ಶುಂಠಿ ಹಾಕಿ ಕುಡಿಯುತ್ತಾರೆ, ಬಾಬಾಬುಡನ್ ಏಳು ಬೀಜ ತಂದರಂತಲ್ಲ, ಅದೇ ದೇಶ, ಎಂದು ನನ್ನ ಜಾಣತನ ತೋರಿಸಿದೆ.

"ಬೀಜ ತಂದವರು ಇದನ್ನ ಹೇಳಿಕೊಡಲೇ ಇಲ್ಲ ನೋಡು" ಎಂದ ಅಪ್ಪ, ಲೋಟ ಖಾಲಿ ಮಾಡಿದರು. ಹುಣಸೆಹಣ್ಣಿನ ಹುಳಿ, ಒಣದ್ರಾಕ್ಷಿಯ ಸಿಹಿ. ನನಗೂ ಹಿಡಿಸಿತು.

ತಂಗಿ ಮನೆಯಲ್ಲಿರುವ ಅಮ್ಮನಿಗೆ ಈಗ ಫೋನು ನಡೀತಿದೆ. "ತಿಪ್ಪೆಗೆ ಹಾಕೋ ಸಿಪ್ಪೆ ಕುಡಿಸಿದ್ರು ಕಣೇ. ಚೆನ್ನಾಗಿತ್ತು." ಅಮ್ಮ ರೇಟು ಕೇಳಿರಬೇಕು, "ತಡಿ, ಕೇಳ್ತೀನಿ" ಅಂತ ನನ್ನ ರೂಮಿನ ಕಡೆ ಬರುತ್ತಿದ್ದಾರೆ. ದೀಪ ಆರಿಸುತ್ತೇನೆ.