ಇಬ್ಬನಿಗೆ ಮುಂಚೆ: ನಮ್ಮ ನೀಲಿ ಕಾರಿನ ಚಳಿಗಾಲದ ಕೆಲಸ

ನವೆಂಬರ್ ಮೂರನೇ ವಾರ

ಹಿಂಗಾರು ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಕಾರಿನ ಹೊರಮೈ ಕೆಲಸ ಶುರು ಮಾಡಲು ಇದೇ ಸರಿಯಾದ ಸಮಯ.

ಬೆಂಗಳೂರಿನ ಚಳಿಗೆ ಕಾರಿಗೇನಾಗುತ್ತದೆ ಅಂತ ಮನೆಯಲ್ಲೇ ಕೇಳುತ್ತಾರೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಅದರಿಂದ ಕಾರಿನ ತಳ ತುಕ್ಕು ಹಿಡಿಯುತ್ತದೆ. ಆ ಕಾಟ ನಮಗಿಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮಗಿರುವುದು ಇಬ್ಬನಿ ಮತ್ತು ಧೂಳಿನ ಕಾಟ. ರಾತ್ರಿ ಆಕಾಶ ತಿಳಿಯಾಗಿದ್ದರೆ ಕಾರಿನ ಮೇಲ್ಛಾವಣಿ ಬಿಸಿ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬಾನೆಟ್ ಪೂರ್ತಿ ಒದ್ದೆ. ಅದರಲ್ಲಿ ಧೂಳು ಕಲೆಸಿಕೊಂಡು, ಒಂಬತ್ತು ಗಂಟೆಯ ಬಿಸಿಲಿಗೆ ಒಣಗಿ, ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ. ಮಾರನೇ ರಾತ್ರಿ ಅದರ ಮೇಲೆ ಇನ್ನೊಂದು ಪದರ. ಇಬ್ಬನಿ ಧೂಳನ್ನು ತೊಳೆಯುವಷ್ಟು ಇರುವುದಿಲ್ಲ, ಅಂಟಿಸುವಷ್ಟು ಮಾತ್ರ ಇರುತ್ತದೆ. ಎದುರು ಸೈಟಿನಲ್ಲಿ ಮನೆ ಬೇರೆ ಕಟ್ಟುತ್ತಿದ್ದಾರೆ. ಸಿಮೆಂಟ್ ಧೂಳಿಗೆ ನೀರು ತಾಗಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಹಾಗಾಗಿ ಡಿಸೆಂಬರ್ ಚಳಿ ಕೂರುವ ಮುಂಚೆ ಬಣ್ಣವನ್ನು ನುಣ್ಣಗೆ ಮಾಡಿ, ಅದನ್ನು ಕಾಯುವ ತೆಳು ಲೇಪವಾದ ಸೀಲೆಂಟ್ ಹಚ್ಚಿಬಿಡಬೇಕು. ನುಣ್ಣಗಿರುವ ಮೈಮೇಲೆ ಧೂಳು ಕೂತರೂ ಸುಲಭವಾಗಿ ಬಿಡುತ್ತದೆ.

ಮೊದಲು ಆಯುಧಪೂಜೆಯ ಗುರುತುಗಳನ್ನು ತೆಗೆದೆ. ಬಾಳೆಕಂದು ಕಟ್ಟಿದ ಟೇಪಿನ ಅಂಟು ಬಂಪರ್ ಮೇಲೆ ಹಾಗೇ ಇತ್ತು, ಧೂಳು ಹಿಡಿದು ಕಪ್ಪಾಗಿತ್ತು. ಅದಕ್ಕೆ ಉಗುರು ಹಾಕಬಾರದು. ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗುತ್ತದೆ, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಬರುತ್ತದೆ. ಎಣ್ಣೆ ಜಿಡ್ಡು ಮಾತ್ರ ಶಾಂಪೂ ಹಾಕಿ ತೆಗೆಯಲೇಬೇಕು.

ನೀರಿನ ಏರ್ಪಾಡು

ಇದಕ್ಕೆ ತುಂಬಾ ಯೋಚನೆ ಮಾಡಿದ್ದೇನೆ. 2024ರ ಮಾರ್ಚ್‌ನಲ್ಲಿ ನೀರಿಗೆ ಪರದಾಡುವಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಒಳ್ಳೆಯ ಆದೇಶ. ಅವತ್ತಿನಿಂದ ಕಾವೇರಿ ನೀರನ್ನು ಕಾರಿಗೆ ಬಳಸಿಲ್ಲ. ಬೋರ್‌ವೆಲ್ ನೀರಿದೆ, ಆದರೆ ನಮ್ಮದು ಗಡಸು ನೀರು. ಒಣಗಿದ ಕಡೆಯಲ್ಲೆಲ್ಲ ಕ್ಯಾಲ್ಸಿಯಂನ ಬಿಳಿ ಉಂಗುರ ಬಿಡುತ್ತದೆ, ಕಡುನೀಲಿ ಬಣ್ಣದ ಮೇಲಂತೂ ದೂರದಿಂದಲೇ ಕಾಣುತ್ತದೆ. ಮಳೆನೀರಿನಲ್ಲಿ ಈ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಟೆರೇಸಿನ ಪೈಪಿಗೆ 200 ಲೀಟರಿನ ಡ್ರಮ್ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಹಿಂಗಾರು ಮಳೆ ಹಿಡಿದಿಟ್ಟಿದ್ದೇನೆ. ಮೊದಲ ತೊಳೆತಕ್ಕೆ ಬೋರ್ ನೀರು, ಕೊನೆಗೆ ಜಾಲಿಸಲು ಮಳೆನೀರು. ಇದರಿಂದ ಆಗಿರುವ ವ್ಯತ್ಯಾಸ ಯಾವ ದುಬಾರಿ ಶಾಂಪೂವಿನಿಂದಲೂ ಆಗಿರಲಿಲ್ಲ.

ಹಳೆಯ ಬಿಳಿ ಉಂಗುರಗಳಿಗೆ ಬಿಳಿ ವಿನಿಗರ್. ಅರ್ಧಕ್ಕರ್ಧ ನೀರು ಬೆರೆಸಿ, ಬಟ್ಟೆಗೆ ಹಾಕಿಕೊಂಡು ಒಂದು ನಿಮಿಷ ಇಟ್ಟು, ತಕ್ಷಣ ತೊಳೆದೆ. ಗಾಜಿನ ಮೇಲಿನವು ಪೂರ್ತಿ ಹೋದವು. ಬಾನೆಟ್ ಮೇಲೆ ಕೆಲವು ಇನ್ನೂ ಇವೆ. ಅವಕ್ಕೆ ಪಾಲಿಶ್ ಬೇಕು, ಈಗ ಬೇಡ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪ್ರತಿ ಪಾಲಿಶ್ ಅದರಲ್ಲಿ ಸ್ವಲ್ಪ ತಿನ್ನುತ್ತದೆ.

ಡಿಸೆಂಬರ್ ಮೊದಲ ಭಾನುವಾರ

ದೊಡ್ಡ ತೊಳೆತ. ಗಿಡಕ್ಕೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪಿನಲ್ಲಿ ಶಾಂಪೂ ನೀರು ತುಂಬಿ ಮೇಲಿನಿಂದ ಕೆಳಗೆ ಹೊಡೆದು, ಐದು ನಿಮಿಷ ನೆನೆಯಲು ಬಿಟ್ಟೆ. ಧೂಳು ನೆನೆದು ಇಳಿಯುವ ಮುಂಚೆ ಬಟ್ಟೆ ಮುಟ್ಟಿಸಲೇಬಾರದು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ತೊಳೆಯಲು ಕೈಗೆ ಹಾಕಿಕೊಳ್ಳುವ ಬಟ್ಟೆಯ ಮಿಟ್ಟನ್ನು ಪ್ರತಿ ಸಲ ಬರೀ ನೀರಿನಲ್ಲಿ ಹಿಂಡಿಯೇ ಶಾಂಪೂಗೆ ಅದ್ದುವುದು. ಕೆಲಸ ಮುಗಿದಾಗ ಎರಡನೇ ಬಕೆಟ್ಟಿನ ತಳದಲ್ಲಿ ಕೂತಿದ್ದ ಮರಳನ್ನು ಮಗನಿಗೆ ತೋರಿಸಿದೆ. "ಅಪ್ಪಾ, ಇದೆಲ್ಲ ಬಟ್ಟೆಯಲ್ಲೇ ಇರ್ತಿತ್ತಾ?" ಅಂದ. ಹೌದು, ಬಟ್ಟೆಯಲ್ಲಿದ್ದುಕೊಂಡು ಬಣ್ಣ ಉಜ್ಜುತ್ತಿತ್ತು.

ಬಾಗಿಲುಗಳ ಕೆಳಗೆ ಡಾಂಬರಿನ ಚುಕ್ಕಿಗಳಿದ್ದವು, ಟಾರ್ ರಿಮೂವರ್‌ಗೆ ಬಿಟ್ಟವು. ಚಕ್ರಕ್ಕೆ ಐರನ್ ರಿಮೂವರ್ ಹೊಡೆದೆ. ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಪುಡಿ ಕರಗುವಾಗ ನೇರಳೆ ಬಣ್ಣ ಇಳಿಯುತ್ತದೆ. ವಾಸನೆ ಮಾತ್ರ ಕೆಟ್ಟದು. ಕೈಗವಸು ಹಾಕಿಕೊಂಡೇ ಮಾಡಿ, ಒಣಗಲು ಬಿಡಬೇಡಿ.

ಇಷ್ಟಾದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಆಡಿಸಿದೆ. ಬರಿಗೈಗೆ ನುಣ್ಣಗಿದ್ದ ಬಣ್ಣ ಕವರಿನೊಳಗಿನಿಂದ ಉಪ್ಪುಕಾಗದದ ಹಾಗೆ ತರತರ ಅಂತಿತ್ತು. ಅಂದರೆ ತೊಳೆದರೂ ಹೋಗದೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಕ್ಲೇ, ಬೇಕೇ ಬೇಕು. ಕ್ಲೇ ಬಾರನ್ನು ಜೆ.ಸಿ. ರಸ್ತೆಯಿಂದ ತಂದಿದ್ದೆ. ಅದನ್ನು ಚಪಾತಿ ಹಿಟ್ಟಿನಂತೆ ನಾದಿ ಬಿಲ್ಲೆ ಮಾಡಿ, ಶಾಂಪೂ ನೀರು ಧಾರಾಳವಾಗಿ ಹೊಡೆದು, ನೇರ ಗೆರೆಯಲ್ಲಿ ಹಗುರವಾಗಿ ಜಾರಿಸುವುದು. ಮೊದಲು ಸದ್ದು ಬರುತ್ತದೆ, ಆಮೇಲೆ ಸದ್ದು ನಿಂತು ಕೈ ತಾನೇ ಜಾರುತ್ತದೆ. ಆ ಕ್ಷಣ ನನಗೆ ಇಡೀ ಕೆಲಸದಲ್ಲೇ ಇಷ್ಟ. ಬಿಲ್ಲೆ ಕಂದಾದಾಗ ಮಡಚಿ ಹೊಸ ಮುಖ ಮಾಡಿಕೊಳ್ಳಬೇಕು. ನೆಲಕ್ಕೆ ಬಿದ್ದರೆ ಎಸೆದುಬಿಡಬೇಕು, ಅದರ ಮೇಲೆ ಲೋಭ ಬೇಡ.

ಮಾರನೇ ವಾರ: ಸೀಲೆಂಟ್

ವ್ಯಾಕ್ಸೋ ಸೀಲೆಂಟೋ ಅಂತ ಬಹಳ ಯೋಚಿಸಿದೆ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆಯ ಎಲೆಗಳಿಂದ ಬರುತ್ತದೆ. ಕಡು ಬಣ್ಣಕ್ಕೆ ಅದು ಕೊಡುವ ಹೊಳಪೇ ಬೇರೆ. ಆದರೆ ಬಯಲಲ್ಲಿ ನಿಲ್ಲುವ ಕಾರಿನ ಮೇಲೆ ಬೇಗ ಸವೆಯುತ್ತದೆ. ಸಿಂಥೆಟಿಕ್ ಸೀಲೆಂಟ್ ಜಾಸ್ತಿ ದಿನ ಬರುತ್ತದೆ. ರಸ್ತೆ ಬದಿ ನಿಲ್ಲಿಸುವ ನಮ್ಮಂಥವರಿಗೆ ಅದೇ ಸರಿ.

ಇಲ್ಲಿ ಇಬ್ಬನಿಯ ಲೆಕ್ಕ ಮುಖ್ಯ. ಸೀಲೆಂಟ್ ಹಚ್ಚಿದ ಮೇಲೆ ಕೆಲವು ಗಂಟೆ ನೀರು ತಾಗಬಾರದು. ಸಂಜೆ ಹಚ್ಚಿದರೆ ರಾತ್ರಿಯ ಇಬ್ಬನಿ ಅದರ ಮೇಲೇ ಬೀಳುತ್ತದೆ. ಅದಕ್ಕೇ ಬೆಳಗ್ಗೆ ಹತ್ತಕ್ಕೆ, ಬಾನೆಟ್ ಒಣಗಿದ ಮೇಲೆ, ನೆರಳಿನಲ್ಲಿ ಶುರು ಮಾಡಿದೆ. ಒಂದೊಂದೇ ಭಾಗ, ತೆಳುವಾಗಿ ಹಚ್ಚಿ ಇನ್ನೊಂದು ಬಟ್ಟೆಯಲ್ಲಿ ಒರೆಸಿ. ದಪ್ಪಗೆ ಹಚ್ಚಿದರೆ ರಕ್ಷಣೆ ಜಾಸ್ತಿಯಾಗುವುದಿಲ್ಲ, ಒರೆಸಲು ಒದ್ದಾಟ ಜಾಸ್ತಿ. ಬಾಗಿಲಿನ ರಬ್ಬರುಗಳಿಗೆ ಸಿಲಿಕೋನ್ ಸವರಿದೆ, ವೈಪರ್ ಅಂಚು ಒರೆಸಿದೆ.

ಡಿಸೆಂಬರ್ ಕೊನೆ

ಈಗ ಬೆಳಗಿನ ಇಬ್ಬನಿ ಹಾಳೆಯಾಗಿ ಹರಡದೆ ಗುಂಡಗೆ ನಿಲ್ಲುತ್ತಿದೆ. ಬೀದಿಯ ಆಕಾಶಮಲ್ಲಿಗೆ ಹೂವು ಮೊದಲು ಒದ್ದೆ ಬಾನೆಟ್ ಮೇಲೆ ಕೊಳೆತು ಕಂದು ಕಲೆ ಬಿಡುತ್ತಿತ್ತು, ಈಗ ಎತ್ತಿದರೆ ಕಲೆಯಿಲ್ಲದೆ ಬರುತ್ತದೆ. ಹಕ್ಕಿ ಹಿಕ್ಕೆಗೆ ಮಾತ್ರ ಸೀಲೆಂಟ್ ನಂಬಿ ಕೂರಬಾರದು. ಅದರ ಯೂರಿಕ್ ಆಮ್ಲ ಬಿಸಿಲಿಗೆ ಬಣ್ಣ ಕೊರೆಯುತ್ತದೆ. ಒದ್ದೆ ಬಟ್ಟೆ ಅದರ ಮೇಲಿಟ್ಟು, ನೆನೆಸಿ, ಎತ್ತಿ ತೆಗೆಯುವುದು.

ಬೀದಿಯಲ್ಲಿ ದಿನಾ ಬೆಳಗ್ಗೆ ಕಾರು ಒರೆಸುವ ಅಣ್ಣ ಒಬ್ಬರಿದ್ದಾರೆ. ಅರ್ಧ ಬಕೆಟ್ ನೀರಿನಲ್ಲಿ ಐದಾರು ಕಾರು ಮುಗಿಸಬೇಕು ಅವರು. ನಮ್ಮ ಕಾರು ಮುಟ್ಟಿ ನೋಡಿ, "ಏನ್ ಸಾರ್ ಹಾಕಿದ್ದೀರಾ, ಕೈ ನಿಲ್ಲಲ್ಲ?" ಅಂದರು. ಎಲ್ಲ ಹೇಳಿದೆ. ಒಂದು ಕೈಪಂಪನ್ನೂ ನಾಲ್ಕು ಮೈಕ್ರೋಫೈಬರ್ ಬಟ್ಟೆಯನ್ನೂ ಕೊಟ್ಟೆ. ಮೊದಲು ಹೊಡೆದು ನೆನೆಸಿ, ಆಮೇಲೆ ಬಟ್ಟೆ ಅಂತ ಒಂದು ಬಾಗಿಲಿನ ಮೇಲೆ ಮಾಡಿ ತೋರಿಸಿದೆ. ನೀರೂ ಕಮ್ಮಿ ಹಿಡಿಯುತ್ತೆ ಸಾರ್ ಅಂತ ಅವರೇ ಹೇಳಿದರು. ಈಗ ಪಕ್ಕದ ಮನೆಯವರ ಕಾರಿಗೂ ಹಾಗೇ ಮಾಡುತ್ತಿದ್ದಾರೆ.

ಸಂಕ್ರಾಂತಿ ರಜೆಗೆ ಹೆಡ್‌ಲೈಟ್ ಕೆಲಸ. ಪಾಲಿಕಾರ್ಬೊನೇಟ್ ಬಿಸಿಲಿಗೆ ಹಳದಿಯಾಗಿದೆ, ಮೇಲಿನ ಪದರ ಉಜ್ಜಿ ತೆಗೆದು, ಬಿಸಿಲಿನ ನೇರಳಾತೀತ ಕಿರಣ ತಡೆಯುವ ಯುವಿ ಲೇಪ ಹಾಕಬೇಕು. 1000, 2000, 3000 ನಂಬರಿನ ವಾಟರ್ ಪೇಪರ್ ತಂದಿಟ್ಟಿದ್ದೇನೆ. ಡ್ರಮ್ಮಿನಲ್ಲಿ ಇನ್ನೂ ಅರ್ಧದಷ್ಟು ಮಳೆನೀರಿದೆ, ಅದಕ್ಕೆ ಸಾಕು.